ಟೂಲ್‌ಗಳ ಪಟ್ಟಿ ಸಾಕು, ದಿನಾ ಬಳಸುವ ಒಂದನ್ನು ಹೇಳಿ: ವಿದ್ಯಾರ್ಥಿಗಳಿಗೆ ನಿಜಕ್ಕೂ ಯಾವುದು ಬೇಕು?

ಲೈಬ್ರರಿಅಕ್ಕ

ಕಾಲೇಜು ಲೈಬ್ರರಿಯಲ್ಲಿ ನನ್ನ ಕೆಲಸ. ಪಕ್ಕದ ಕಂಪ್ಯೂಟರ್ ಕೋಣೆಯನ್ನೂ ನಾನೇ ನೋಡಿಕೊಳ್ಳುತ್ತೇನೆ. ಕಳೆದ ವಾರ ನೋಡಿದ ಒಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಬ್ಬ ಹುಡುಗಿ ದೊಡ್ಡ ಪಿಡಿಎಫ್ ತೆರೆದು ಕೂತಿದ್ದಳು. ಇನ್ನೂರಕ್ಕೂ ಜಾಸ್ತಿ ಪುಟ. ಅದರಲ್ಲಿ ಎಲ್ಲೋ ಒಂದು ಕಡೆ ಅವಳಿಗೆ ಬೇಕಾದ ಪದದ ವಿವರಣೆ ಇತ್ತು. ಮೌಸಿನ ಚಕ್ರ ತಿರುಗಿಸುತ್ತಾ ಅರ್ಧ ಗಂಟೆಯಿಂದ ಒಂದೊಂದೇ ಪುಟ ಹುಡುಕುತ್ತಿದ್ದಳು. ನಾನು ಹೋಗಿ ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿ ಆ ಪದ ಟೈಪ್ ಮಾಡಿದೆ. ಎಂಟು ಕಡೆ ಬಣ್ಣ ಹತ್ತಿಕೊಂಡಿತು. ಅವಳು ಸುಮ್ಮನೆ ನನ್ನ ಮುಖ ನೋಡಿದಳು. ಆಮೇಲೆ ತನ್ನ ಫೋನ್ ತೆಗೆದು ತೋರಿಸಿದಳು. "ವಿದ್ಯಾರ್ಥಿಗಳಿಗೆ 100 ಉಪಯುಕ್ತ ವೆಬ್‌ಸೈಟ್‌ಗಳು" ಅಂತ ಒಂದು ಪಟ್ಟಿ, ಜೋಪಾನವಾಗಿ ಸೇವ್ ಮಾಡಿಟ್ಟಿದ್ದಳು. ಅದರಲ್ಲಿ ಎರಡನ್ನೂ ತೆರೆದು ನೋಡಿರಲಿಲ್ಲ.

ತಪ್ಪು ಅವಳದಲ್ಲ. ನಾವು ಪಟ್ಟಿ ಕೊಡುತ್ತೇವೆ, ಪಕ್ಕದಲ್ಲಿ ಕೂತು ತೋರಿಸುವುದಿಲ್ಲ. ನನ್ನ ಅನುಭವದಲ್ಲಿ ಒಂದು ಕೆಲಸಕ್ಕೆ ಒಂದು ಟೂಲ್ ಧಾರಾಳ ಸಾಕು. ಅದು ಕೈಗೆ ಹತ್ತಬೇಕು, ಅಷ್ಟೇ. ಜೊತೆಗೆ ಅದು ಹೇಳಿದ್ದನ್ನು ಮೂಲಕ್ಕೆ ಹೋಗಿ ನೋಡುವ ಅಭ್ಯಾಸ ಇರಬೇಕು.

ನಾನೇ ಶುರು ಮಾಡುತ್ತೇನೆ. ನನ್ನ ಟೂಲ್ ಸಾಮಾನ್ಯ ಸರ್ಚ್ ಪೆಟ್ಟಿಗೆ. ಪದಗಳ ಎರಡೂ ಕಡೆ ಕೋಟ್ ಗುರುತು ಹಾಕಿದರೆ ಅದೇ ಪದಗಳು ಅದೇ ಕ್ರಮದಲ್ಲಿ ಇರುವ ಪುಟಗಳನ್ನು ಹುಡುಕುತ್ತದೆ. ಬೇಡದ ಪದಕ್ಕೆ ಅಂಟಿದಂತೆ ಮೊದಲು ಮೈನಸ್ ಹಾಕಿದರೆ ಆ ಪದ ಇರುವ ಪುಟಗಳು ದೂರ ಸರಿಯುತ್ತವೆ. ಇಂಗ್ಲಿಷಿನಲ್ಲಿ ಸೈಟ್ ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಒಂದು ವಿಶ್ವವಿದ್ಯಾಲಯದ ವಿಳಾಸ ಕೊಟ್ಟರೆ ಆ ಒಂದು ಸೈಟಿನೊಳಗೆ ಮಾತ್ರ ಹುಡುಕುತ್ತದೆ. ಅದೇ ರೀತಿ ಫೈಲ್‌ಟೈಪ್, ಕೋಲನ್, ಪಿಡಿಎಫ್. ಈ ನಾಲ್ಕು ಗೊತ್ತಿದ್ದರೆ ಮೂರು ಗಂಟೆಯ ಹುಡುಕಾಟ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ, ನನ್ನ ಕಣ್ಣೆದುರೇ ಇಳಿದಿದೆ.

ಸಿಕ್ಕಿದ ಪುಟವನ್ನು ನಂಬಬಹುದಾ ಅನ್ನೋದು ಇದಕ್ಕಿಂತ ದೊಡ್ಡ ಪ್ರಶ್ನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಒಂದು ಅಧ್ಯಯನ ಹೊರತಂದರು. 10 ಇತಿಹಾಸಕಾರರು, 10 ಫ್ಯಾಕ್ಟ್ ಚೆಕ್ಕರ್‌ಗಳು, 25 ಪದವಿ ವಿದ್ಯಾರ್ಥಿಗಳು. ಎಲ್ಲರಿಗೂ ಕೆಲವು ವೆಬ್‌ಸೈಟ್ ತೋರಿಸಿ ಇವುಗಳನ್ನು ಎಷ್ಟು ನಂಬಬಹುದು ಅಂತ ಕೇಳಿದರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಆ ಪುಟದಲ್ಲೇ ಉಳಿದುಕೊಂಡರು. ಲೋಗೋ ನೋಡಿದರು, ವಿನ್ಯಾಸ ನೋಡಿದರು, "ನಮ್ಮ ಬಗ್ಗೆ" ಓದಿದರು, ಹಲವರು ಮೋಸ ಹೋದರು. ಫ್ಯಾಕ್ಟ್ ಚೆಕ್ಕರ್‌ಗಳು ಮಾಡಿದ್ದೇ ಬೇರೆ. ಪುಟ ತೆರೆದ ಸ್ವಲ್ಪ ಹೊತ್ತಿಗೇ ಅದನ್ನು ಬಿಟ್ಟು ಪಕ್ಕದಲ್ಲಿ ಹೊಸ ಟ್ಯಾಬ್‌ಗಳನ್ನು ತೆರೆದು, ಈ ಸಂಸ್ಥೆ ಯಾರದು, ಇದರ ಬಗ್ಗೆ ಬೇರೆಯವರು ಏನು ಹೇಳಿದ್ದಾರೆ ಅಂತ ನೋಡಿದರು. ಬೇಗ ಮುಗಿಸಿದರು, ಸರಿಯಾಗಿಯೂ ಹೇಳಿದರು. ತನ್ನ ಬಗ್ಗೆ ತಾನೇ ಬರೆದುಕೊಂಡಿದ್ದನ್ನು ಎಷ್ಟು ಸಲ ಓದಿದರೂ ಸತ್ಯ ಗೊತ್ತಾಗೋದಿಲ್ಲ, ಅಲ್ವಾ?

ಈಗ ನೀವು ಹೇಳಿ. ಪಟ್ಟಿ ಬೇಡ. ದಿನಾ ಬಳಸುವ ಒಂದು, ಅದನ್ನು ಹೇಗೆ ಬಳಸುತ್ತೀರಿ, ಯಾಕೆ.

ಥರ್ಡ್‌ಸೆಮ್

ಅಕ್ಕ, ನನ್ನದು ಆಂಕಿ. ಫ್ಲ್ಯಾಶ್‌ಕಾರ್ಡ್ ಸಾಫ್ಟ್‌ವೇರ್, 2006ರಿಂದ ಇದೆ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಉಚಿತ.

ಮೊದಲ ಸೆಮಿಸ್ಟರ್‌ನಲ್ಲಿ ನಾನು ಓದುತ್ತಿದ್ದ ರೀತಿ ಅಂದರೆ ನೋಟ್ಸ್ ತೆಗೆದು ಹೈಲೈಟರ್‌ನಿಂದ ಬಣ್ಣ ಬಳಿದು ನಾಲ್ಕು ಸಲ ಓದುವುದು. ಓದುವಾಗ ಎಲ್ಲಾ ಗೊತ್ತು ಅನ್ನಿಸುತ್ತಿತ್ತು. ಪರೀಕ್ಷೆಯಲ್ಲಿ ಪುಟದ ಯಾವ ಮೂಲೆಯಲ್ಲಿ ಬರೆದಿತ್ತು ಅನ್ನೋದು ನೆನಪಾಗುತ್ತಿತ್ತು, ಏನು ಬರೆದಿತ್ತು ಅನ್ನೋದು ಬರುತ್ತಿರಲಿಲ್ಲ. ಆಮೇಲೆ ಗೊತ್ತಾಯಿತು, ಇದರ ಬಗ್ಗೆ ಪ್ರಯೋಗಗಳೇ ನಡೆದಿವೆ. ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ್ದು. ಒಂದು ಗುಂಪಿಗೆ ಪಾಠವನ್ನು ಮತ್ತೆ ಓದಿಸಿದರು, ಇನ್ನೊಂದು ಗುಂಪಿಗೆ ಪುಟ ಮುಚ್ಚಿ ನೆನಪು ಮಾಡಿಕೊಂಡು ಬರೆಸಿದರು. 5 ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ. 2 ದಿನ ಬಿಟ್ಟು, ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದೆ. ಪರೀಕ್ಷೆ ಬರೋದು ಐದು ನಿಮಿಷಕ್ಕಲ್ಲ.

ಆಂಕಿ ಮಾಡೋದು ಇಷ್ಟೇ. ಪ್ರಶ್ನೆ ತೋರಿಸುತ್ತದೆ, ನಾವು ಉತ್ತರ ಯೋಚಿಸಿ ತಿರುಗಿಸುತ್ತೇವೆ, ಸುಲಭವಾಗಿತ್ತಾ ಕಷ್ಟವಾಗಿತ್ತಾ ಅಂತ ಒತ್ತುತ್ತೇವೆ. ಗೊತ್ತಿದ್ದ ಕಾರ್ಡ್ ಕೆಲವು ದಿನ ಬಿಟ್ಟು, ಆಮೇಲೆ ವಾರಗಟ್ಟಲೆ ಬಿಟ್ಟು ಬರುತ್ತದೆ. ಮರೆತಿದ್ದು ಇವತ್ತೇ ಮತ್ತೆ ಬರುತ್ತದೆ.

ಆದರೆ ಕಾರ್ಡ್ ಬರೆಯೋದರಲ್ಲೇ ಎಲ್ಲಾ ಇರೋದು. ನಾನು ಮೊದಲು "ದ್ಯುತಿಸಂಶ್ಲೇಷಣೆ ಎಂದರೇನು?" ಅಂತ ಬರೆದು ಹಿಂದೆ ಹತ್ತು ಸಾಲು ತುಂಬಿದ್ದೆ. ಪ್ರತಿ ಸಲವೂ ಅರ್ಧ ಬರುತ್ತಿತ್ತು, ಅರ್ಧ ಬರುತ್ತಿರಲಿಲ್ಲ, ಯಾವ ಗುಂಡಿ ಒತ್ತಬೇಕು ಗೊತ್ತಾಗುತ್ತಿರಲಿಲ್ಲ. ಈಗ ಒಡೆದು ಬರೆಯುತ್ತೇನೆ. "ಬೆಳಕಿನ ಕ್ರಿಯೆ ಕ್ಲೋರೋಪ್ಲಾಸ್ಟಿನ ಯಾವ ಭಾಗದಲ್ಲಿ?" ಥೈಲಕಾಯ್ಡ್ ಪೊರೆಯಲ್ಲಿ. "ಹೊರಬರುವ ಆಮ್ಲಜನಕ ಯಾವುದರಿಂದ ಬಂತು?" ನೀರಿನಿಂದ, ಇಂಗಾಲದ ಡೈಆಕ್ಸೈಡಿನಿಂದ ಅಲ್ಲ. ಒಂದು ಕಾರ್ಡಿಗೆ ಒಂದೇ ವಿಷಯ. ಬೇರೆಯವರು ಮಾಡಿಟ್ಟ ಸಾವಿರಾರು ಕಾರ್ಡ್‌ಗಳ ಕಂತೆ ಸಿಗುತ್ತದೆ, ಬೇಡ ಅಂತ ನನ್ನ ಅಭಿಪ್ರಾಯ. ನಾವೇ ಬರೆದರೆ ಅರ್ಧ ಓದು ಅಲ್ಲೇ ಮುಗಿದಿರುತ್ತದೆ.

ಬಳಸಿನೋಡಿ

ಇಷ್ಟೆಲ್ಲಾ ಯಾಕೆ? ಈಗ ಎಐ ಚಾಟ್ ಇದೆಯಲ್ಲ. ಹುಡುಕೋದು, ಸಾರಾಂಶ ಮಾಡೋದು, ಕಾರ್ಡ್ ಬರೆಯೋದು, ರೆಫರೆನ್ಸ್ ಕೊಡೋದು, ಎಲ್ಲಾ ಒಂದೇ ಕಡೆ. ಚಾಟ್‌ಜಿಪಿಟಿ 2022ರ ನವೆಂಬರ್ ಕೊನೆಯಲ್ಲಿ ಬಂದಾಗಿನಿಂದ ನಾನು ಬಳಸುತ್ತಿದ್ದೇನೆ. ಹಳೇ ರೀತಿ ಹುಡುಕೋದನ್ನು ಕಲಿಯೋ ಸಮಯದಲ್ಲಿ ಪಾಠವನ್ನೇ ಓದಬಹುದು. ಜಗಳಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ.

ಲೈಬ್ರರಿಅಕ್ಕ

ಕೇಳಿದ್ದು ಒಳ್ಳೆಯದಾಯಿತು, ನನ್ನ ಟೇಬಲ್ ಮೇಲೆ ನಡೆದದ್ದನ್ನೇ ಹೇಳುತ್ತೇನೆ.

ಒಬ್ಬ ಹುಡುಗ ಪ್ರಾಜೆಕ್ಟ್‌ಗೆ ಎಐ ಚಾಟ್ ಕೊಟ್ಟ ಒಂಬತ್ತು ಲೇಖನಗಳ ಪಟ್ಟಿ ತಂದ. ಮೂಲ ಲೇಖನಗಳು ಸಿಗುತ್ತಿಲ್ಲ, ತರಿಸಿಕೊಡಿ ಮೇಡಂ ಅಂದ. ನೋಡಿದರೆ ಎಲ್ಲವೂ ಸರಿಯಾಗಿಯೇ ಇದ್ದ ಹಾಗಿತ್ತು. ಲೇಖಕರ ಹೆಸರು, ಪತ್ರಿಕೆ, ವರ್ಷ, ಸಂಪುಟ, ಪುಟ ಸಂಖ್ಯೆ. ಮೂರಕ್ಕೆ ಡಿಒಐ ಕೂಡ ಇತ್ತು. ಡಿಒಐ ಅಂದರೆ ಸಂಶೋಧನಾ ಲೇಖನಗಳಿಗೆ ಕೊಡುವ ಶಾಶ್ವತ ಸಂಖ್ಯೆ, 10 ಅಂತ ಶುರುವಾಗುತ್ತದೆ. ಡಿಒಐ ಡಾಟ್ ಆರ್ಗ್‌ಗೆ ಹೋಗಿ ಆ ಸಂಖ್ಯೆ ಹಾಕಿದರೆ ನೇರ ಲೇಖನಕ್ಕೇ ಕರೆದೊಯ್ಯುತ್ತದೆ. ಇಬ್ಬರೂ ಕೂತು ಹಾಕಿದೆವು. ಎರಡು ಇಲ್ಲವೇ ಇಲ್ಲ ಅಂತ ಬಂತು. ಮೂರನೆಯದು ತೆರೆಯಿತು, ಆದರೆ ಅದು ಮಣ್ಣಿನ ತೇವಾಂಶದ ಬಗ್ಗೆ. ಅವನ ವಿಷಯ ಮಕ್ಕಳ ಭಾಷಾ ಕಲಿಕೆ. ಉಳಿದ ಆರನ್ನು, ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಶೀರ್ಷಿಕೆಗೆ ಕೋಟ್ ಹಾಕಿ ಹುಡುಕಿದೆವು. ಒಂದು ಸಿಕ್ಕಿತು. ಐದು ಲೇಖನಗಳು ಲೋಕದಲ್ಲೇ ಇಲ್ಲ. ಲೇಖಕರು ನಿಜ, ಪತ್ರಿಕೆ ನಿಜ, ಲೇಖನ ಮಾತ್ರ ಸುಳ್ಳು. ಅವನು ಮೋಸ ಮಾಡಲು ಹೊರಟವನಲ್ಲ. ಪಾಪ, ಎರಡು ದಿನ ಆ ಲೇಖನಗಳನ್ನು ಹುಡುಕಿ ಸೋತು ಬಂದಿದ್ದ.

ಹೀಗೆ ಯಾಕೆ ಆಗುತ್ತದೆ ಅಂದರೆ, ಎಐ ಚಾಟ್‌ಗಳ ಹಿಂದಿರುವ ಭಾಷಾ ಮಾದರಿಗಳು ಮುಂದೆ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಹಾಕಿ ಬರೆಯುತ್ತವೆ. ರೆಫರೆನ್ಸ್ ನೋಡಲು ಹೇಗಿರುತ್ತದೆ ಅನ್ನೋದು ಅವಕ್ಕೆ ಚೆನ್ನಾಗಿ ಗೊತ್ತು. ಆ ಅಚ್ಚಿನಲ್ಲಿ ಹೊಸದೊಂದನ್ನು ಎರೆದುಬಿಡುತ್ತವೆ. ಈಗಿನ ಕೆಲವು ಚಾಟ್‌ಗಳು ವೆಬ್‌ನಲ್ಲಿ ಹುಡುಕಿ ಲಿಂಕ್ ಕೊಡುತ್ತವೆ, ಅದು ಮೊದಲಿಗಿಂತ ವಾಸಿ. ಆಗಲೂ ಲಿಂಕ್ ಒತ್ತಿ, ಹೇಳಿದ ಮಾತು ಅಲ್ಲಿ ಇದೆಯಾ ಅಂತ ನೋಡಲೇಬೇಕು. ಓದಿದವರಿಗೂ ಇದು ತಪ್ಪಿದ್ದಲ್ಲ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟ್ ಒಂದು ವಿಮಾನ ಸಂಸ್ಥೆಯ ಮೊಕದ್ದಮೆಯಲ್ಲಿ ವಕೀಲರಿಗೆ ದಂಡ ಹಾಕಿತು. ಅವರು ಸಲ್ಲಿಸಿದ ಹಳೆಯ ತೀರ್ಪುಗಳಲ್ಲಿ ಆರು ಚಾಟ್‌ಬಾಟ್ ಹುಟ್ಟಿಸಿದವು.

ಎಐ ಬೇಡ ಅಂತ ನಾನು ಹೇಳೋದಿಲ್ಲ. ಆದರೆ ತಪ್ಪು ಹಿಡಿಯುವಷ್ಟು ಗೊತ್ತಿರುವ ವಿಷಯದಲ್ಲಿ ಬಳಸಿದರೆ ಅದು ಸಹಾಯ. ಏನೂ ಗೊತ್ತಿಲ್ಲದ ವಿಷಯದಲ್ಲಿ ಅದೊಂದನ್ನೇ ನೆಚ್ಚಿದರೆ ಅಪಾಯ.

ಬಳಸಿನೋಡಿ

ಒಪ್ಪಿದೆ ಅಕ್ಕ. ಇದನ್ನು ಓದಿ ನನ್ನ ಹಳೇ ಅಸೈನ್‌ಮೆಂಟ್ ತೆಗೆದು ಎರಡು ರೆಫರೆನ್ಸ್ ಪರೀಕ್ಷೆ ಮಾಡಿದೆ. ಒಂದು ಇಲ್ಲ. ನಾಳೆಯೇ ಹೋಗಿ ಮೇಷ್ಟ್ರಿಗೆ ಹೇಳುತ್ತೇನೆ.

ಒಂದು ಮಾತು ಮಾತ್ರ ಬಿಡೋದಿಲ್ಲ. ನಾನು ಅದನ್ನು ಚೆನ್ನಾಗಿ ಬಳಸಿದ್ದು ಉತ್ತರ ಕೇಳಿ ಅಲ್ಲ, ಪ್ರಶ್ನೆ ಕೇಳಿಸಿಕೊಂಡು. ನನ್ನದೇ ನೋಟ್ಸ್ ಹಾಕಿ, "ಇದರ ಮೇಲೆ ನನಗೆ ಒಂದೊಂದೇ ಪ್ರಶ್ನೆ ಕೇಳು, ನಾನು ಉತ್ತರ ಬರೆಯುವ ತನಕ ನೀನು ಹೇಳಬೇಡ, ಎಲ್ಲಿ ತಪ್ಪಿದೆ ಅಂತ ನೋಟ್ಸಿನ ಸಾಲನ್ನೇ ತೋರಿಸು" ಅನ್ನುತ್ತೇನೆ. ಥರ್ಡ್‌ಸೆಮ್ ಹೇಳಿದ್ದೂ ಇದೇ ಅಲ್ವಾ, ಪುಟ ಮುಚ್ಚಿ ನೆನಪು ಮಾಡಿಕೊಳ್ಳೋದು.

ಲ್ಯಾಬ್‌ಮೇಷ್ಟ್ರು

ನಾನು ಗಣಿತ ಹೇಳಿಕೊಡುವವನು. ನನ್ನದು ಜಿಯೋಜೀಬ್ರಾ, ಸಮೀಕರಣ ಬರೆದರೆ ಅದರ ರೇಖೆ ಬಿಡಿಸಿ ತೋರಿಸುವ ಸಾಫ್ಟ್‌ವೇರ್. ಮಾರ್ಕುಸ್ ಹೋಹೆನ್‌ವಾರ್ಟರ್ ಅನ್ನುವವರು ಆಸ್ಟ್ರಿಯಾದಲ್ಲಿ 2001ರಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕೆ ಮಾಡಲು ಶುರು ಮಾಡಿದ್ದು. ಬ್ರೌಸರಿನಲ್ಲೇ ತೆರೆಯುತ್ತದೆ. ಅದರಲ್ಲಿ ಒಂದೇ ಒಂದು ಕೆಲಸ ಮಾಡಿ ನೋಡಿ, ಆಮೇಲೆ ನಾನೇನೂ ಹೇಳಬೇಕಾಗಿಲ್ಲ.

ವೈ ಈಕ್ವಲ್ಸ್ ಎ ಎಕ್ಸ್ ಸ್ಕ್ವೇರ್ ಪ್ಲಸ್ ಬಿ ಎಕ್ಸ್ ಪ್ಲಸ್ ಸಿ. ಎ, ಬಿ, ಸಿ ಮೂರಕ್ಕೂ ಸ್ಲೈಡರ್ ಇಡಿ, ಅಂದರೆ ಎಳೆದು ಬೆಲೆ ಬದಲಿಸುವ ಗುಂಡಿ. ಸಿ ಜರುಗಿಸಿದರೆ ವಕ್ರರೇಖೆ ಮೇಲೆ ಕೆಳಗೆ ಹೋಗುತ್ತದೆ. ಎ ಜರುಗಿಸಿದರೆ ಅಗಲವಾಗುತ್ತದೆ, ಕಿರಿದಾಗುತ್ತದೆ, ಸೊನ್ನೆ ದಾಟಿದ ಮೇಲೆ ತಲೆಕೆಳಗಾಗುತ್ತದೆ. ಬಿ ಜರುಗಿಸಿದರೆ ಏನಾಗುತ್ತದೆ ಅಂತ ಮೊದಲು ಕೇಳುತ್ತೇನೆ. ತರಗತಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ "ಎಡಕ್ಕೆ ಬಲಕ್ಕೆ ಹೋಗುತ್ತೆ ಸರ್" ಅನ್ನುತ್ತಾರೆ. ಈಗ ಬಿ ಮಾತ್ರ ಜರುಗಿಸಿ. ಅದು ಪಕ್ಕಕ್ಕೆ ಹೋಗುತ್ತಾ ಇಳಿಯುತ್ತದೆ! ತುದಿಯ ಬಿಂದುವಿಗೆ ಟ್ರೇಸ್ ಹಾಕಿ ಮತ್ತೆ ಜರುಗಿಸಿದರೆ ಆ ಬಿಂದು ಬಿಟ್ಟುಹೋದ ಗುರುತುಗಳೇ ಇನ್ನೊಂದು ಪ್ಯಾರಾಬೋಲಾ ಆಗಿ ನಿಲ್ಲುತ್ತವೆ, ತಲೆಕೆಳಗಾಗಿ. ಯಾಕೆ ಹಾಗೆ ಅಂತ ಕಾಗದದ ಮೇಲೆ ಬಿಡಿಸಿದರೆ ಅದರ ಸಮೀಕರಣ ವೈ ಈಕ್ವಲ್ಸ್ ಸಿ ಮೈನಸ್ ಎ ಎಕ್ಸ್ ಸ್ಕ್ವೇರ್ ಅಂತ ಬರುತ್ತದೆ. ಎಷ್ಟು ವರ್ಷದಿಂದ ಹೇಳಿಕೊಡುತ್ತಿದ್ದರೂ ಆ ಗುರುತು ಮೂಡುವಾಗ ಮಕ್ಕಳ ಮುಖ ನೋಡುವುದು ನನಗೆ ಇನ್ನೂ ಖುಷಿ.

ಉತ್ತರ ಕೊಟ್ಟುಬಿಡುವ ಆಪ್‌ಗಳು ಬೇಕಾದಷ್ಟಿವೆ. ಲೆಕ್ಕದ ಫೋಟೋ ತೆಗೆದರೆ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಕೊಡುತ್ತವೆ. ನಾನು ಮಕ್ಕಳಿಗೆ ಹೇಳೋದು, ನಿಮ್ಮಿಂದ ಮೊದಲು ಊಹೆ ಮಾಡಿಸುವ ಟೂಲ್ ಒಳ್ಳೆಯದು. ಭೌತಶಾಸ್ತ್ರಕ್ಕೆ, ಪರದೆಯ ಮೇಲೇ ಪ್ರಯೋಗ ಮಾಡಿ ನೋಡುವ ಫೆಟ್ ಸಿಮ್ಯುಲೇಶನ್‌ಗಳು ಅಂಥವು. ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಉಚಿತವಾಗಿ ಸಿಗುತ್ತವೆ.

ಕೇಳಿಓದುವವಳು

ನನಗೆ ಕಣ್ಣು ಕಾಣುವುದಿಲ್ಲ. ನಾನು ಓದುವುದು ಎನ್‌ವಿಡಿಎ ಸ್ಕ್ರೀನ್ ರೀಡರ್‌ನಿಂದ. ಪರದೆಯ ಮೇಲಿರುವುದನ್ನು ಓದಿ ಹೇಳುವ ಉಚಿತ ಸಾಫ್ಟ್‌ವೇರ್. ಇದನ್ನು 2006ರಲ್ಲಿ ಶುರು ಮಾಡಿದ ಮೈಕಲ್ ಕರನ್ ಅವರಿಗೂ ಕಣ್ಣು ಕಾಣುವುದಿಲ್ಲ. ನಮಗೆ ಏನು ಬೇಕು ಅನ್ನೋದು ಅದರಲ್ಲಿ ಗೊತ್ತಾಗುತ್ತದೆ.

ನಾನು ಟೂಲ್ ಬಗ್ಗೆ ಹೇಳೋದಕ್ಕಿಂತ ಜಾಸ್ತಿ ನಿಮ್ಮನ್ನೊಂದು ಕೇಳಬೇಕು. ನೋಟ್ಸನ್ನು ಫೋಟೋ ತೆಗೆದು ಪಿಡಿಎಫ್ ಮಾಡಿ ಗ್ರೂಪಿಗೆ ಹಾಕುತ್ತೀರಿ. ನಿಮಗೆ ಅದರಲ್ಲಿ ಅಕ್ಷರ ಕಾಣುತ್ತದೆ. ನನ್ನ ಸ್ಕ್ರೀನ್ ರೀಡರ್‌ಗೆ ಅದು ಬರೀ ಚಿತ್ರ. ನಲವತ್ತು ಪುಟದ ಫೈಲ್ ತೆರೆದರೆ "ಖಾಲಿ" ಅನ್ನುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಹತ್ತು ಗಂಟೆಗೆ ಖಾಲಿ ಅಂತ ಕೇಳುವುದು ಹೇಗಿರುತ್ತದೆ ಅಂತ ಸ್ವಲ್ಪ ಯೋಚಿಸಿ.

ಪರೀಕ್ಷೆ ಮಾಡುವುದು ಸುಲಭ. ಫೈಲ್ ತೆರೆದು ಒಂದು ಪದವನ್ನು ಆಯ್ಕೆ ಮಾಡಲು ನೋಡಿ. ಪದ ಆಯ್ಕೆ ಆದರೆ ಅಕ್ಷರ ಇದೆ, ಆಗದಿದ್ದರೆ ಅದು ಚಿತ್ರ. ಅಕ್ಕ ಹೇಳಿದ ಕಂಟ್ರೋಲ್ ಎಫ್ ಕೂಡ ಅಂಥ ಫೈಲಿನಲ್ಲಿ ಕೆಲಸ ಮಾಡುವುದಿಲ್ಲ, ಅಂದರೆ ನಷ್ಟ ನನಗೊಬ್ಬಳಿಗೇ ಅಲ್ಲ. ಗೂಗಲ್ ಡ್ರೈವ್‌ಗೆ ಚಿತ್ರ ಹಾಕಿ, ಕಂಪ್ಯೂಟರಿನಿಂದ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳನ್ನು ಹೊರತೆಗೆಯುತ್ತದೆ. ಕನ್ನಡವನ್ನೂ ತೆಗೆಯುತ್ತದೆ, ಒತ್ತಕ್ಷರಗಳಲ್ಲಿ ತಪ್ಪಾಗುತ್ತದೆ, ಒಮ್ಮೆ ಓದಿ ಸರಿ ಮಾಡಬೇಕು. ಕನ್ನಡ ಟೈಪ್ ಮಾಡುವಾಗ ದಯವಿಟ್ಟು ಯುನಿಕೋಡ್‌ನಲ್ಲೇ ಮಾಡಿ. ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಹಾಗೆ ಕಾಣುವುದೆಲ್ಲ ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಸ್ಕ್ರೀನ್ ರೀಡರ್ ಅದನ್ನು ಹಾಗೇ ಓದುತ್ತದೆ.

ಇನ್ನೊಂದು, ಶೀರ್ಷಿಕೆಗೆ ಅಕ್ಷರ ದಪ್ಪ ಮಾಡಿ ಬಿಡಬೇಡಿ. ಹೆಡಿಂಗ್ ಸ್ಟೈಲ್ ಹಾಕಿ. ಆಗ ನಾನು ಎಚ್ ಕೀಲಿ ಒತ್ತಿ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರಬಹುದು. ಇಲ್ಲದಿದ್ದರೆ ಐದನೇ ಅಧ್ಯಾಯಕ್ಕೆ ಹೋಗಲು ಮೊದಲ ನಾಲ್ಕನ್ನೂ ದಾಟಿಕೊಂಡೇ ಹೋಗಬೇಕು.

ಲೈಬ್ರರಿಅಕ್ಕ

ತಂಗಿ, ನಾನು ಇಷ್ಟು ವರ್ಷ ಸ್ಕ್ಯಾನ್ ಮಾಡಿಟ್ಟ ಹಳೇ ಪ್ರಶ್ನೆಪತ್ರಿಕೆಗಳೆಲ್ಲ ಚಿತ್ರಗಳೇ. ನಾಳೆಯಿಂದ ಒಂದೊಂದಾಗಿ ಅಕ್ಷರಕ್ಕೆ ತಿರುಗಿಸುತ್ತೇನೆ. ಹೆಡಿಂಗ್ ಸ್ಟೈಲ್ ಹಾಕಿದರೆ ಬರೆಯುವವರಿಗೂ ಲಾಭ, ಪರಿವಿಡಿಯನ್ನು ಕೈಯಲ್ಲಿ ಟೈಪ್ ಮಾಡುವ ಕೆಲಸವೇ ಇಲ್ಲ, ತಾನೇ ಆಗುತ್ತದೆ.

ಫೋನೊಂದೇ

ನೀವೆಲ್ಲ ಕಂಪ್ಯೂಟರ್ ಇಟ್ಟುಕೊಂಡು ಮಾತಾಡುತ್ತಿದ್ದೀರಿ. ನನ್ನ ಹತ್ತಿರ ಇರೋದು ಫೋನ್ ಒಂದೇ, ಅದರಲ್ಲೂ ಜಾಗ ಕಡಿಮೆ, ನೆಟ್ ಆಗಾಗ ಹೋಗುತ್ತದೆ. ನನ್ನ ಟೂಲ್ ಕಿವಿಕ್ಸ್. ವಿಕಿಪೀಡಿಯವನ್ನು ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆ ಓದಬಹುದು. ಪೂರ್ತಿ ಇಂಗ್ಲಿಷ್ ವಿಕಿಪೀಡಿಯ ಇಳಿಸಲು ಹೋಗಬೇಡಿ, ಫೋನ್ ತುಂಬಿಹೋಗುತ್ತದೆ. ವಿಷಯವಾರು ಸಣ್ಣ ಕಂತೆಗಳಿವೆ, ಚಿತ್ರ ಇಲ್ಲದವೂ ಇವೆ.

ಆದರೆ ನಾನು ಬಂದಿದ್ದು ಬೇರೆ ವಿಷಯಕ್ಕೆ. ಪ್ರಾಜೆಕ್ಟ್ ಕೊಡಲು ನಾಲ್ಕು ದಿನ ಇದೆ. ಫೋನಿನಲ್ಲಿ ಜಾಗ ಮಾಡಲು ಹೋದ ತಿಂಗಳು ಕೆಲವು ಫೈಲ್ ಅಳಿಸಿದೆ. ಕ್ಲೌಡ್‌ನಲ್ಲಿ ಇದ್ದೇ ಇರುತ್ತದೆ ಅಂದುಕೊಂಡಿದ್ದೆ. ಇವತ್ತು ಲ್ಯಾಬ್ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿ ನೋಡಿದರೆ ಅಲ್ಲೂ ಇಲ್ಲ. ಮೂರು ಅಧ್ಯಾಯ. ಏನು ಮಾಡಲಿ ಅಕ್ಕ?

ಲೈಬ್ರರಿಅಕ್ಕ

ತಮ್ಮ, ಮೊದಲು ಟ್ರ್ಯಾಶ್ ನೋಡು. ಗೂಗಲ್ ಡ್ರೈವ್ ಆದರೆ ಅಳಿಸಿದ್ದು 30 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ, ಆಮೇಲೆ ತಾನಾಗೇ ಹೋಗುತ್ತದೆ. ಹೋದ ತಿಂಗಳು ಅಂದರೆ ಎಷ್ಟು ದಿನ ಆಯಿತೋ, ಬೇರೆ ಏನೂ ಮಾಡದೆ ಈಗಲೇ ನೋಡು. ಅಲ್ಲಿ ಇಲ್ಲದಿದ್ದರೆ ಗೈಡ್‌ಗೆ ಕಳಿಸಿದ ಮೇಲ್‌ನ ಅಟ್ಯಾಚ್‌ಮೆಂಟ್, ಗ್ರೂಪಿಗೆ ಹಾಕಿದ ಹಳೇ ಪ್ರತಿ, ಪ್ರಿಂಟ್ ತೆಗೆಸಲು ಯಾರಿಗಾದರೂ ಕಳಿಸಿದ್ದರೆ ಅದು.

ಯಾಕೆ ಹೀಗಾಯಿತು ಅಂದರೆ ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಮಾಡುವ ಫೋಲ್ಡರ್ ಎಲ್ಲಾ ಕಡೆಯೂ ಒಂದೇ ಥರ ಇರಬೇಕು ಅಂತ ನೋಡಿಕೊಳ್ಳುತ್ತದೆ. ಇಲ್ಲಿ ಬರೆದರೆ ಅಲ್ಲೂ ಬರೆಯುತ್ತದೆ, ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತದೆ. ಅದು ಅದರ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಬ್ಯಾಕಪ್ ಅಂದರೆ ನೀನು ಮುಟ್ಟದ ಇನ್ನೊಂದು ಪ್ರತಿ. ಫೋಟೋಗ್ರಾಫರ್‌ಗಳಿಂದ ಬಂದ 3-2-1 ಅನ್ನೋ ಲೆಕ್ಕ ಇದೆ. 3 ಪ್ರತಿ, 2 ಬೇರೆ ಬೇರೆ ಬಗೆಯ ಜಾಗದಲ್ಲಿ, 1 ಬೇರೆ ಊರಿನಲ್ಲೋ ಕಟ್ಟಡದಲ್ಲೋ. ನಿನಗೆ ಅಷ್ಟೆಲ್ಲ ಕಷ್ಟವಾದರೆ ದಿನಾ ರಾತ್ರಿ ನಿನಗೆ ನೀನೇ ಫೈಲನ್ನು ಮೇಲ್ ಮಾಡಿಕೋ, ಹೆಸರಿನ ಕೊನೆಗೆ ತಾರೀಖು ಹಾಕು. ಸಾಕು.

ರೆಫರೆನ್ಸ್‌ಗೆ ಫೋನಿನಲ್ಲೇ ಝೋಟೆರೋಬಿಬ್ ಬಳಸು. ಅಕೌಂಟೂ ಬೇಡ, ಬ್ರೌಸರಿನಲ್ಲಿ ತೆರೆದು ಡಿಒಐ ಅಥವಾ ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಹಾಕಿದರೆ ಬೇಕಾದ ಶೈಲಿಯಲ್ಲಿ ಬರೆದುಕೊಡುತ್ತದೆ. ಕಂಪ್ಯೂಟರ್ ಇದ್ದವರಿಗೆ, ರೆಫರೆನ್ಸ್‌ಗಳನ್ನು ಕೂಡಿಟ್ಟುಕೊಳ್ಳುವ ಝೋಟೆರೋ. ಅದರಲ್ಲಿ ನನಗೆ ತುಂಬಾ ಇಷ್ಟವಾದ ಗುಣ, ನೀವು ಸೇರಿಸಿದ ಲೇಖನವನ್ನು ಪತ್ರಿಕೆ ಹಿಂದೆ ತೆಗೆದುಕೊಂಡಿದ್ದರೆ ಕೆಂಪು ಪಟ್ಟಿಯಲ್ಲಿ ಎಚ್ಚರಿಸುತ್ತದೆ. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಲೇಖನ 1998ರಲ್ಲಿ ಲ್ಯಾನ್ಸೆಟ್‌ನಂಥ ದೊಡ್ಡ ಪತ್ರಿಕೆಯಲ್ಲೇ ಬಂದಿತ್ತು. ಪೂರ್ತಿ ವಾಪಸ್ ಪಡೆದದ್ದು 2010ರಲ್ಲಿ. ಪತ್ರಿಕೆಯ ಹೆಸರು ನೋಡಿ ನಂಬಿದರೆ ಸಾಲದು ಅಂತ ನಾನು ಹೇಳೋದು ಇಂಥದ್ದಕ್ಕೇ.

ಇಬ್ಬರುಮಕ್ಕಳತಾಯಿ

ನಾನು ಇಲ್ಲಿ ಓದುತ್ತಿರುವುದು ಮಕ್ಕಳಿಗೋಸ್ಕರ. ದೊಡ್ಡವಳಿಗೆ ಸ್ಕಾಲರ್‌ಶಿಪ್ ಮಂಜೂರಾಗಿದೆ ಅಂತ ಮೆಸೇಜ್ ಬಂತು, ಲಿಂಕ್ ಇತ್ತು. ತೆರೆದರೆ ಬೀಗದ ಗುರುತೂ ಇತ್ತು, ಅದಕ್ಕೇ ನಿಜ ಅಂದುಕೊಂಡಳು. ಪಾಸ್‌ವರ್ಡ್ ಹಾಕಿಬಿಟ್ಟಳು. ಒಟಿಪಿ ಕೇಳಿದಾಗ ನನ್ನನ್ನು ಕರೆದಳು, ಅಲ್ಲಿಗೆ ನಿಲ್ಲಿಸಿದೆವು. ಬೀಗ ಇದ್ದರೂ ಮೋಸ ಆಗುತ್ತಾ?

ಬಳಸಿನೋಡಿ

ಆಗುತ್ತೆ ಅಮ್ಮ. ಬೀಗ ಹೇಳೋದು ಒಂದೇ ಮಾತು: ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಹೋಗುವುದನ್ನು ಮೂರನೆಯವರು ಓದಲಾಗದು. ಆ ಸೈಟ್ ಕಳ್ಳರದ್ದಾಗಿದ್ದರೆ ನೇರ ಕಳ್ಳರಿಗೇ ಭದ್ರವಾಗಿ ತಲುಪುತ್ತದೆ. ಜನ ಇದನ್ನು ತಪ್ಪು ತಿಳಿಯುತ್ತಾರೆ ಅಂತಲೇ ಕ್ರೋಮ್ 2023ರಲ್ಲಿ ಬೀಗದ ಚಿತ್ರವನ್ನು ತೆಗೆದು ಬೇರೆ ಗುರುತು ಹಾಕಿತು.

ವಿಳಾಸ ಓದುವುದನ್ನು ಮಗಳಿಗೆ ಕಲಿಸಿ. ಕಾಗದದ ಮೇಲೆ ಊರಿನ ಹೆಸರು ಕೊನೆಯಲ್ಲಿ ಬರೆಯುತ್ತೇವಲ್ಲ, ಹಾಗೇ ಇದು. ಎರಡು ಓರೆಗೆರೆ ಆದಮೇಲೆ ಬರುವ ಮೊದಲ ಒಂಟಿ ಓರೆಗೆರೆ ಹುಡುಕಿ. ಅಲ್ಲಿಂದ ಎಡಕ್ಕೆ, ಹಿಂದಕ್ಕೆ ಓದಿ. ಕೊನೆಯ ಎರಡು ತುಂಡು, ಕೆಲವು ವಿಳಾಸದಲ್ಲಿ ಮೂರು, ಅದೇ ನಿಜವಾದ ಯಜಮಾನ. ವಿಶ್ವವಿದ್ಯಾಲಯದ ಹೆಸರು ಮೊದಲು ಬಂದು, ಡಾಟ್ ಕಾಮ್ ಕೂಡ ಬಂದು, ಆಮೇಲೆ ಇನ್ನೊಂದು ಡಾಟ್, ಲಾಗಿನ್ ಹೆಲ್ಪ್, ಡಾಟ್ ಎಕ್ಸ್‌ವೈಝಡ್ ಅಂತ ಮುಗಿದರೆ ಅದು ವಿಶ್ವವಿದ್ಯಾಲಯದ್ದಲ್ಲ. ಲಾಗಿನ್ ಹೆಲ್ಪ್ ಅನ್ನುವ ಯಾರದ್ದೋ. ಮುಂದೆ ಏನು ಬೇಕಾದರೂ ಸೇರಿಸಿಕೊಳ್ಳಲು ಅವರಿಗೆ ಅವಕಾಶ ಇದೆ.

ಈಗ ಮಾಡಬೇಕಾದ್ದು: ಆ ಪಾಸ್‌ವರ್ಡ್ ಇವತ್ತೇ ಬದಲಿಸಿ. ಅದೇ ಪಾಸ್‌ವರ್ಡ್ ಬೇರೆ ಎಲ್ಲೆಲ್ಲಿ ಇದೆಯೋ ಅಲ್ಲೂ, ಮೇಲ್‌ನದ್ದು ಎಲ್ಲಕ್ಕಿಂತ ಮೊದಲು, ಯಾಕಂದರೆ ಉಳಿದ ಎಲ್ಲಾ ಅಕೌಂಟ್‌ಗಳ ರೀಸೆಟ್ ಲಿಂಕ್ ಬರೋದು ಅಲ್ಲಿಗೇ. ಎರಡು ಹಂತದ ಲಾಗಿನ್ ಆನ್ ಮಾಡಿ. ಪಾಸ್‌ವರ್ಡ್‌ಗೆ ವಿಚಿತ್ರ ಚಿಹ್ನೆಗಳಿಗಿಂತ ಉದ್ದ ಮುಖ್ಯ, ಸಂಬಂಧ ಇಲ್ಲದ ನಾಲ್ಕೈದು ಪದ ಸೇರಿಸಿದರೆ ನೆನಪೂ ಇರುತ್ತದೆ. ಎಲ್ಲಾ ನೆನಪಿಡೋದು ಆಗಲ್ಲ, ಅದಕ್ಕೆ ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್. ಅದರಲ್ಲಿ ಇನ್ನೊಂದು ಉಪಕಾರ ಇದೆ. ಅದು ವಿಳಾಸದ ಆ ಯಜಮಾನ ಭಾಗವನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತದೆ. ನಕಲಿ ಸೈಟಿಗೆ ಹೋದರೆ ಪಾಸ್‌ವರ್ಡ್ ತುಂಬಲು ಮುಂದೆ ಬರುವುದಿಲ್ಲ. ಅದು ಸುಮ್ಮನಿದ್ದರೆ ನೀವೂ ನಿಂತು ನೋಡಿ.

ಇಬ್ಬರುಮಕ್ಕಳತಾಯಿ

ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಲಿಂಕನ್ನು ಹಿಂದಿನಿಂದ ಓದಿದೆವು. ಅವಳೇ ಕಂಡುಹಿಡಿದಳು. ಬೈಯಬೇಕು ಅಂತಿದ್ದೆ, ಬೈಯಲಿಲ್ಲ. ಒಟಿಪಿ ಬಂದಾಗ ನನ್ನನ್ನು ಕರೆದಳಲ್ಲ, ಮುಂದಿನ ಸಲವೂ ಕರೆಯಬೇಕು.

ಚಿಕ್ಕವನ ಮೇಷ್ಟ್ರು ವಿಕಿಪೀಡಿಯ ನೋಡಲೇಬೇಡಿ ಅಂದಿದ್ದಾರಂತೆ. ಅದು ಸರಿಯಾ?

ಥರ್ಡ್‌ಸೆಮ್

ವಿಕಿಪೀಡಿಯವನ್ನೇ ಮೂಲ ಅಂತ ಬರೆಯಬಾರದು, ಅದು ಸರಿ. ಆದರೆ ನೋಡಲೇಬಾರದು ಅಂದರೆ ನನಗೆ ಒಪ್ಪಿಗೆ ಇಲ್ಲ. ನಾನು ಲೇಖನದ ಕೊನೆಗೆ ಹೋಗಿ ಅಡಿಟಿಪ್ಪಣಿಗಳಿಂದ ಶುರು ಮಾಡುತ್ತೇನೆ, ಅಲ್ಲಿ ಪುಸ್ತಕ, ಲೇಖನಗಳ ಹೆಸರು ಸಿಗುತ್ತದೆ. ಮೇಲಿರುವ ಚರ್ಚೆ ಪುಟ ತೆರೆದರೆ ಯಾವ ವಿಷಯಕ್ಕೆ ಜಗಳ ನಡೆದಿದೆ ಅಂತಲೂ ಕಾಣುತ್ತದೆ. ಅಡಿಟಿಪ್ಪಣಿಯ ಲಿಂಕ್ ಸತ್ತಿದ್ದರೆ ಆ ವಿಳಾಸವನ್ನು ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ, ಅದನ್ನು ನಡೆಸುವ ಇಂಟರ್ನೆಟ್ ಆರ್ಕೈವ್ 1996ರಿಂದ ಪುಟಗಳನ್ನು ಕೂಡಿಡುತ್ತಿದೆ, ಎಷ್ಟೋ ಸಲ ಹಳೇ ಪುಟ ಸಿಕ್ಕಿಬಿಡುತ್ತದೆ.

ಫೋನೊಂದೇ

ಅಕ್ಕ! ಸಿಕ್ಕಿತು! ಟ್ರ್ಯಾಶ್‌ನಲ್ಲಿ ಇತ್ತು. ಅಳಿಸಿ ಇಪ್ಪತ್ತಾರು ದಿನ ಆಗಿತ್ತು. ಮೂರನೇ ಅಧ್ಯಾಯದ ಕೊನೆಯ ಎರಡು ಪುಟ ಮಾತ್ರ ಇಲ್ಲ, ಅದನ್ನು ಬೇರೆ ಫೈಲಿನಲ್ಲಿ ಬರೆದಿದ್ದೆ ಅನ್ನಿಸುತ್ತೆ. ಮತ್ತೆ ಬರೆಯುತ್ತೇನೆ. ತಾರೀಖು ಹಾಕಿ ನನಗೆ ನಾನೇ ಮೇಲ್ ಮಾಡಿಕೊಂಡೆ, ಒಂದು ಪ್ರತಿ ಗೆಳೆಯನಿಗೂ ಕಳಿಸಿದೆ.

ಕೇಳಿಓದುವವಳು ಹೇಳಿದ ಹಾಗೆ ಈಗ ಎಲ್ಲಾ ಶೀರ್ಷಿಕೆಗೂ ಹೆಡಿಂಗ್ ಸ್ಟೈಲ್ ಹಾಕುತ್ತಾ ಕೂತಿದ್ದೇನೆ. ಪರಿವಿಡಿ ತಾನೇ ಆಗುತ್ತದೆ ಅಂದಿರಲ್ಲ, ಫೋನಿನಲ್ಲಿ ಆ ಆಯ್ಕೆ ಕಾಣುತ್ತಿಲ್ಲ.

ಲೈಬ್ರರಿಅಕ್ಕ

ಅಬ್ಬಾ, ಒಳ್ಳೆಯದಾಯಿತು ತಮ್ಮ. ಸ್ಟೈಲ್ ಹಾಕುವುದನ್ನೆಲ್ಲ ಫೋನಿನಲ್ಲೇ ಮುಗಿಸು. ಪರಿವಿಡಿಗೆ ಲ್ಯಾಬ್ ಕಂಪ್ಯೂಟರಿನಲ್ಲಿ ಫೈಲನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದು ಇನ್ಸರ್ಟ್ ಮೆನುವಿಗೆ ಹೋಗು, ಟೇಬಲ್ ಆಫ್ ಕಂಟೆಂಟ್ಸ್ ಅಂತ ಇರುತ್ತದೆ, ಎರಡು ನಿಮಿಷದ ಕೆಲಸ. ಹೊರಡುವಾಗ ಅಲ್ಲಿ ಲಾಗೌಟ್ ಮಾಡಲು ಮರೆಯಬೇಡ.